ಬಿಡದ ಜ್ವರ, ಜತೆಗೆ ಶುಗರ್: ಮೆಲಿಯೋಯ್ಡೋಸಿಸ್ ಪತ್ತೆಗೆ ಎಕ್ಸ್‌ರೇ, ಸ್ಕ್ಯಾನಿಂಗ್ ಎಷ್ಟು ನೆರವು?

ಉಡುಪಿ: ಮಳೆಗಾಲದಲ್ಲಿ ಜ್ವರ ಬಂದರೆ ಕರಾವಳಿಯಲ್ಲಿ ಮೊದಲು ನೋಡುವುದು ಮಲೇರಿಯಾ, ಡೆಂಗ್ಯೂ, ಇಲಿಜ್ವರ. ಮೂರೂ ನೆಗೆಟಿವ್ ಬಂದು, ವಾರ ಕಳೆದರೂ ಜ್ವರ ಇಳಿಯದೆ, ರೋಗಿಗೆ ಸಕ್ಕರೆ ಕಾಯಿಲೆಯೂ ಇದ್ದರೆ ವೈದ್ಯರು ಯೋಚಿಸಬೇಕಾದ ಇನ್ನೊಂದು ಹೆಸರು ಮೆಲಿಯೋಯ್ಡೋಸಿಸ್.

ಇದು ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲ್ಲೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ಒದ್ದೆ ಮಣ್ಣು, ಕೆಸರು, ನಿಂತ ನೀರು ಅದರ ಮನೆ. ಕಾಲಿನ ಸಣ್ಣ ಗಾಯದಿಂದ, ಉಸಿರಿನ ಮೂಲಕ ಅಥವಾ ಕಲುಷಿತ ನೀರಿನಿಂದ ಒಳಗೆ ಹೋಗುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದು ತೀರಾ ಅಪರೂಪ, ಹಾಗಾಗಿ ಮನೆಯವರು ರೋಗಿಯನ್ನು ದೂರ ಇಡಬೇಕಾಗಿಲ್ಲ. ರಂಗೂನಿನಲ್ಲಿ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು 1912ರಲ್ಲಿ ಇದನ್ನು ಮೊದಲು ವಿವರಿಸಿದರು. ಉಡುಪಿ, ದಕ್ಷಿಣ ಕನ್ನಡದ ಪ್ರಕರಣಗಳ ಬಗ್ಗೆ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರು ಹಲವು ವರ್ಷಗಳಿಂದ ಬರೆಯುತ್ತಾ ಬಂದಿದ್ದಾರೆ. ಆದರೂ ಊರಲ್ಲಿ ಹೆಸರು ಕೇಳಿದವರು ಕಡಿಮೆ.

ಟಿಬಿಯಂತೆ ಕಾಣುವ ಎಕ್ಸ್‌ರೇ

ಈ ರೋಗ ಹೆಚ್ಚಾಗಿ ಹಿಡಿಯುವುದು ಶ್ವಾಸಕೋಶವನ್ನು. ದಿಢೀರ್ ಬಂದರೆ ಎಕ್ಸ್‌ರೇಯಲ್ಲಿ ನ್ಯುಮೋನಿಯಾದ ಬಿಳಿ ಮಚ್ಚೆಗಳು ಕಾಣುತ್ತವೆ. ನಿಧಾನವಾಗಿ ಬೆಳೆದರೆ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು, ಕೆಲವೊಮ್ಮೆ ಗುಳಿ. ಜತೆಗೆ ಕೆಮ್ಮು, ತೂಕ ಇಳಿಕೆ. ಅಪ್ಪಟ ಟಿಬಿಯದ್ದೇ ಚಿತ್ರ! ಕಫದಲ್ಲಿ ಟಿಬಿ ರೋಗಾಣು ಸಿಗದಿದ್ದರೂ ಎಕ್ಸ್‌ರೇ ನೋಡಿ ಟಿಬಿ ಮಾತ್ರೆ ಶುರು ಮಾಡಿದರೆ ವಾರಗಟ್ಟಲೆ ಸಮಯ ಹಾಳಾಗುತ್ತದೆ. ಮೆಲಿಯೋಯ್ಡೋಸಿಸ್‌ನಲ್ಲಿ ಆ ವಾರಗಳೇ ಜೀವಕ್ಕೆ ಕುತ್ತು. ಸೋಂಕು ರಕ್ತಕ್ಕೆ ಸೇರಿದರೆ ಕೆಲವರ ಸ್ಥಿತಿ ಒಂದೆರಡು ದಿನದಲ್ಲೇ ಕೈಮೀರಬಹುದು.

ಹೊಟ್ಟೆಯ ಸ್ಕ್ಯಾನಿಂಗ್

ತಾಲೂಕು ಮಟ್ಟದಲ್ಲಿ ಸುಲಭವಾಗಿ ಸಿಗುವ, ಹೆಚ್ಚು ಸುಳಿವು ಕೊಡುವ ಪರೀಕ್ಷೆ ಅಂದ್ರೆ ಹೊಟ್ಟೆಯ ಅಲ್ಟ್ರಾಸೌಂಡ್. ಲಿವರ್‌ನಲ್ಲಿ ಕೀವುಗಡ್ಡೆ ಹಲವು ಕಾರಣಕ್ಕೆ ಆಗುತ್ತದೆ. ಅಮೀಬಾದಿಂದ ಆದದ್ದು ಸಾಮಾನ್ಯವಾಗಿ ದೊಡ್ಡದೊಂದೇ ಗಡ್ಡೆ. ಮೆಲಿಯೋಯ್ಡೋಸಿಸ್‌ನಲ್ಲಿ ಸಣ್ಣ ಸಣ್ಣವು ಹಲವು ಇರುತ್ತವೆ, ಅವು ಒಂದಕ್ಕೊಂದು ಅಂಟಿಕೊಂಡಾಗ ಸಿಟಿ ಸ್ಕ್ಯಾನ್‌ನಲ್ಲಿ ಜೇನುಗೂಡು ನೋಡಿದ ಹಾಗಿರುತ್ತದೆ. ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, ಕೀವು ಆಗುವುದೇ ಅಪರೂಪ. ಶುಗರ್ ಇರುವವರ ಲಿವರ್, ಗುಲ್ಮ ಎರಡರಲ್ಲೂ ಅಂಥ ಗಡ್ಡೆ ಕಂಡರೆ ಈ ಸೋಂಕಿನ ಸಂಶಯ ಬರಲೇಬೇಕು.

ಗಂಡಸರಲ್ಲಿ ಇನ್ನೊಂದು ಜಾಗವಿದೆ: ಪ್ರಾಸ್ಟೇಟ್ ಗ್ರಂಥಿ. ಮೂತ್ರ ಕಟ್ಟುವುದು, ಉರಿ ಇದ್ದರೆ ವಯಸ್ಸಾಯ್ತು ಅಂತ ಸುಮ್ಮನಾಗುತ್ತಾರೆ. ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಈ ರೋಗದ ಗಂಡಸರ ಪೈಕಿ ಸುಮಾರು ಐವರಲ್ಲಿ ಒಬ್ಬರಿಗೆ ಪ್ರಾಸ್ಟೇಟ್‌ನಲ್ಲಿ ಕೀವು ಕಂಡುಬಂದಿದೆ. ಹಾಗಾಗಿ ಅಲ್ಲಿ ರೋಗ ಖಚಿತವಾದ ದೊಡ್ಡವರಿಗೆಲ್ಲ ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸಿಟಿ ಮಾಡಿಸುತ್ತಾರೆ, ನೋವು ಇರಲಿ ಬಿಡಲಿ. ಮೂಳೆ, ಬೆನ್ನುಹುರಿ, ಮೆದುಳಿನ ತೊಂದರೆಗೆ ಎಂಆರ್‌ಐ ಬೇಕಾಗುತ್ತದೆ.

ಸಿಟಿಗೆ ಸಾಮಾನ್ಯವಾಗಿ ಕಾಂಟ್ರಾಸ್ಟ್ ಔಷಧ ಚುಚ್ಚುತ್ತಾರೆ. ಕಿಡ್ನಿ ತೊಂದರೆ ಇದ್ದರೆ, ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಬೇಕು.

ಸ್ಕ್ಯಾನ್ ಆದರೆ ಮುಗಿಯಲಿಲ್ಲ

ಚಿತ್ರ ಸಂಶಯ ಹುಟ್ಟಿಸುತ್ತದೆ, ಖಚಿತಪಡಿಸುವುದಿಲ್ಲ. ಖಚಿತವಾಗುವುದು ಕಲ್ಚರ್‌ನಲ್ಲಿ. ರಕ್ತ, ಕಫ, ಮೂತ್ರ ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಿಂದ ತೆಗೆದ ಕೀವಿನಲ್ಲಿ ರೋಗಾಣು ಬೆಳೆಯಬೇಕು, ಅದಕ್ಕೆ ಎರಡು ಮೂರು ದಿನ ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ. ಅಭ್ಯಾಸ ಇಲ್ಲದ ಲ್ಯಾಬ್‌ಗಳು ಇದನ್ನು ಸ್ಯೂಡೋಮೊನಾಸ್ ಎಂದು ಬರೆದು ಬಿಡುವುದೂ ಉಂಟು. ವೈದ್ಯರು ಚೀಟಿಯಲ್ಲಿ ಮೆಲಿಯೋಯ್ಡೋಸಿಸ್ ಸಂಶಯ ಎಂದು ಬರೆದರೆ ಲ್ಯಾಬ್‌ನವರು ಅದಕ್ಕೆ ತಕ್ಕ ಹಾಗೆ ಹುಡುಕುತ್ತಾರೆ.

ಮೆಡಿಕಲ್ ಶಾಪ್‌ನವರಿಗೂ ಇಲ್ಲಿ ಕೆಲಸವಿದೆ. ಚೀಟಿ ಇಲ್ಲದೆ ಎರಡು ದಿನಕ್ಕೆ ಕೊಡುವ ಆ್ಯಂಟಿಬಯೋಟಿಕ್ ಈ ರೋಗಾಣುವನ್ನು ಕೊಲ್ಲುವುದಿಲ್ಲ, ಕಲ್ಚರ್‌ನಲ್ಲಿ ಸಿಗದಂತೆ ಮಾಡಬಹುದು ಅಷ್ಟೆ. ಪೆನಿಸಿಲಿನ್, ಜೆಂಟಾಮೈಸಿನ್ ಸಾಮಾನ್ಯವಾಗಿ ಇದಕ್ಕೆ ನಾಟುವುದಿಲ್ಲ. ಬೇಕಾಗುವುದು ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್ ಇಂಜೆಕ್ಷನ್, ಕನಿಷ್ಠ ಎರಡು ವಾರ; ಒಳಗೆ ಕೀವುಗಡ್ಡೆ ಇದ್ದರೆ ಇನ್ನೂ ಹೆಚ್ಚು. ಆಮೇಲೆ ಕೋಟ್ರೈಮೊಕ್ಸಜೋಲ್ ಮಾತ್ರೆ ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ. ಗುಣ ಆಯ್ತು ಅಂತ ನಡುವೆ ಬಿಟ್ಟವರಿಗೆ ರೋಗ ಮರುಕಳಿಸಿದೆ.

ಸರಿಯಾದ ಔಷಧ ಶುರುವಾದ ಮೇಲೂ ಜ್ವರ ಒಂದು ವಾರ, ಹತ್ತು ದಿನ ಇರುತ್ತದೆ. ಮನೆಯವರು ಗಾಬರಿಯಾಗಿ ಆಸ್ಪತ್ರೆ ಬದಲಾಯಿಸುವುದು ಈ ಹಂತದಲ್ಲೇ. ಸ್ಕ್ಯಾನ್‌ನಲ್ಲಿ ಗಡ್ಡೆ ಪೂರ್ತಿ ಮಾಯವಾಗಲು ವಾರಗಳೇ ಬೇಕು. ಲಿವರ್, ಗುಲ್ಮದ ಸಣ್ಣ ಗಡ್ಡೆಗಳು ಹೆಚ್ಚಾಗಿ ಔಷಧದಲ್ಲೇ ಕರಗುತ್ತವೆ, ಪ್ರಾಸ್ಟೇಟ್‌ನ ಕೀವನ್ನು ಮಾತ್ರ ಸಾಮಾನ್ಯವಾಗಿ ಹೊರತೆಗೆಯಬೇಕಾಗುತ್ತದೆ. ಬೇರೆ ಆಸ್ಪತ್ರೆಗೆ ಹೋಗಲೇಬೇಕಾದರೆ ಮೊದಲ ಸ್ಕ್ಯಾನ್‌ನ ಫಿಲ್ಮ್ ಅಥವಾ ಸಿಡಿ ಮತ್ತು ಕಲ್ಚರ್ ರಿಪೋರ್ಟ್ ಜತೆಗಿರಲಿ. ಗಡ್ಡೆ ಕುಗ್ಗಿದೆಯೋ ಬೆಳೆದಿದೆಯೋ ಎಂದು ಅಲ್ಲಿನ ರೇಡಿಯಾಲಜಿಸ್ಟ್ ಅಳೆದು ಹೇಳುವುದು ಹಳೆಯ ಚಿತ್ರದ ಪಕ್ಕದಲ್ಲಿಟ್ಟುಕೊಂಡೇ.