ನಡೆದರಷ್ಟೇ ಸಾಲದು, ರೊಟ್ಟಿ ಬಡಿಯಬೇಕು

ಜೇವರ್ಗಿ ತಾಲ್ಲೂಕಿನ ಅಂದೋಲಾ ಸೀಮೆಯಲ್ಲಿ ಲಕ್ವಾ (ಪಾರ್ಶ್ವವಾಯು) ಹೊಡೆದವರನ್ನು ಜೀವ ಉಳಿದ ಮೇಲೆ ಕಲಬುರಗಿಯ ಆಸ್ಪತ್ರೆಯಿಂದ ಭೀಮಾ ನದಿ ದಾಟಿಸಿ ಮನೆಗೆ ಕರೆತರುತ್ತಾರೆ. ‘ಅಡ್ಡ್ಯಾಡಲಾಕತ್ಯಾರ, ಆರಾಮ್ ಆಗ್ಯಾರ’ ಎನ್ನುತ್ತಾರೆ. ಧೋತರ ಉಡಿಸುವುದು, ರೊಟ್ಟಿ ಮುರಿದು ಕೊಡುವುದು ಮಾತ್ರ ಹೆಂಡತಿಯ ಪಾಲಿಗೇ ಉಳಿದಿರುತ್ತದೆ. ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಯ ಕೆಲಸ ಶುರುವಾಗುವುದು ಅಲ್ಲಿಂದ. ಈಗ ದೊಡ್ಡ ಊರುಗಳಲ್ಲಿ ಅದನ್ನು ಮಕ್ಕಳ ಆಟಿಸಂ ಕೇಂದ್ರಗಳ ವಿದ್ಯೆ ಎಂದಷ್ಟೇ ತಿಳಿದಿದ್ದಾರೆ. ಮಕ್ಕಳಿಗೆ ಅದು ಬೇಕೇ ಬೇಕು. ದೊಡ್ಡವರನ್ನು ಮರೆಯಬಾರದು.

ಈ ವೃತ್ತಿಯ ಮೊದಲ ಸಂಘ 1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿತು. ಯುದ್ಧದ ಗಾಯಾಳುಗಳ ಆರೈಕೆಯಲ್ಲಿ ಬೆಳೆಯಿತು. ಅಮೆರಿಕದಲ್ಲಿ ಹುಟ್ಟಿ ಇಲ್ಲಿನ ಸೊಸೆಯಾದ ಕಮಲಾ ನಿಂಬಕರ್ 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಶಾಲೆ ತೆರೆದರು. 1952ಕ್ಕೆ ಅಖಿಲ ಭಾರತ ಸಂಘವೂ ಆಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಡಗಿತನ, ಹೊಲಿಗೆ, ಬೇಕರಿಗಳು ಮನೋರೋಗಿಗಳ ಪುನರ್ವಸತಿಯ ಭಾಗವಾದವು.

ನನ್ನ ಮಟ್ಟಿಗೆ ಥೆರಪಿಸ್ಟರಾದ ನಮ್ಮ ನಿಜವಾದ ಪಾಠಶಾಲೆಗಳು ಕುಷ್ಠರೋಗದ ವಾರ್ಡುಗಳು. ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಗೆ, ಮಡಚಿಹೋದ ಬೆರಳುಗಳಿಗೆ ಬೇರೆ ಸ್ನಾಯುರಜ್ಜು ಜೋಡಿಸತೊಡಗಿದರು. ಹೊಲಿಗೆ ಬಿಚ್ಚಿದ ಮೇಲೆ ಆ ರಜ್ಜುವಿಗೆ ಹೊಸ ಕೆಲಸ ಕಲಿಸದಿದ್ದರೆ ಶಸ್ತ್ರಚಿಕಿತ್ಸೆಯೇ ವ್ಯರ್ಥ. ಸ್ಪರ್ಶ ಸತ್ತ ಕೈಗೆ ಬಿಸಿ ತಿಳಿಯದು. ಅದಕ್ಕೆ ಪಾತ್ರೆಗೆ ಮರದ ಹಿಡಿ, ಉಪಕರಣಕ್ಕೆ ದಪ್ಪ ಕಾವು, ದಿನವೂ ಅಂಗೈ ನೋಡಿಕೊಳ್ಳುವ ರೂಢಿ.

ನಮ್ಮ ಪೀಳಿಗೆ, ರೋಗಿಯ ದಿನನಿತ್ಯದ ಸ್ವಾವಲಂಬನೆ ಅಳೆಯುವ ಬಾರ್ಥೆಲ್ ಸೂಚ್ಯಂಕ ಓದಿಕೊಂಡು ಬಂತು. 1965ರಲ್ಲಿ ಪ್ರಕಟವಾದ ಅದರಲ್ಲಿ ಹತ್ತು ಬಾಬತ್ತು, ನೂರು ಅಂಕ: ಊಟ, ಸ್ನಾನ, ಬಟ್ಟೆ, ಮೆಟ್ಟಿಲು ಹೀಗೆ. ಕುರ್ಚಿಯಿಂದ ಹಾಸಿಗೆಗೆ ಹೋಗುವುದಕ್ಕೆ ಅಂಕವಿದೆ. ನೆಲದಿಂದ ಏಳುವುದಕ್ಕೆ, ಕುಕ್ಕರಗಾಲಲ್ಲಿ ಕೂಡುವುದಕ್ಕೆ ಇಲ್ಲ. ನೂರಕ್ಕೆ ನೂರು ಪಡೆದ ಹೆಣ್ಣುಮಗಳು ಒಲೆಯ ಮುಂದೆ ಕೂತು ಏಳಲಾರದೆ ಇರಬಹುದು. ಆದ್ದರಿಂದಲೇ ಮನೆಗಳಿಗೆ ಹೋಗಿ ಕೆಲಸ ಮಾಡಿದ ನಾವು ರೊಟ್ಟಿಯಿಂದ ಆರಂಭಿಸಿದೆವು. ಲಕ್ವಾದ ಕೈ ಮುಷ್ಟಿ ಬಿಗಿಯುತ್ತದೆ. ಜೋಳದ ಹಿಟ್ಟು ನಾದಲು ಅಂಗೈ ಬಿಚ್ಚಬೇಕು, ಮೊಣಕೈ ಚಾಚಬೇಕು, ಭುಜದ ಭಾರ ಕೆಳಗಿಳಿಯಬೇಕು. ಮೊದಲು ಸೋತ ಕೈಯ ಮೇಲೆ ಗಟ್ಟಿ ಕೈ ಇರಿಸಿ ನಾದಿಸುತ್ತೇವೆ. ಬಡಿಯುವುದು ಆಮೇಲೆ: ಒಂದು ಕೈ ತಟ್ಟುತ್ತಿದ್ದರೆ ಇನ್ನೊಂದು ಅಂಚು ತಿರುಗಿಸಬೇಕು. ಹಂಚಿನ ಬಳಿಗೆ ಬಿಡುವುದು ಕಟ್ಟಕಡೆಗೆ, ಕೈಗೆ ಬಿಸಿ ತಿಳಿಯುತ್ತದೆಂದು ಖಚಿತವಾದ ಮೇಲೆ. ಈ ಎಚ್ಚರ ಕುಷ್ಠದ ವಾರ್ಡುಗಳಿಂದ ಬಂದದ್ದು. ಯಂತ್ರಗಳ ಮೇಲೆ ಹಣ ಸುರಿಯುವ ಇಂದಿನ ಪುನರ್ವಸತಿ ಕೇಂದ್ರಗಳು ಒಂದು ಒಲೆಗೂ ಜಾಗ ಮಾಡಿಕೊಂಡರೆ ಒಳ್ಳೆಯದು.

ಸಹಾಯಕ ಆರೋಗ್ಯ ವೃತ್ತಿಗಳ 2021ರ ಕೇಂದ್ರ ಕಾಯ್ದೆ ಈ ವೃತ್ತಿಗೆ ರಾಷ್ಟ್ರೀಯ ಆಯೋಗದಡಿ ಸ್ಥಾನ ಕೊಟ್ಟಿದೆ. ಹಳ್ಳಿಯ ಮನೆಗೆ ಥೆರಪಿಸ್ಟ್ ಬರುವ ದಾರಿಯನ್ನು ಇನ್ನೂ ಹಾಕಬೇಕಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಸ್ವತಃ ಅಂಗವಿಕಲರು, ಮನೆಮನೆ ಬಲ್ಲವರು. ಪಿಂಚಣಿ, ಗುರುತಿನ ಕಾರ್ಡಿನ ಅರ್ಜಿಗಳ ಹೊರೆ ಅವರ ಮೇಲಿದೆ. ಒಂದೇ ಕೈಯಲ್ಲಿ ಅಂಗಿ ತೊಡುವುದು, ಬಚ್ಚಲಲ್ಲಿ ಹಿಡಿಗಂಬ ಹಾಕಿಸುವುದು, ನೆಲದಿಂದ ಬೀಳದೆ ಏಳುವುದು: ಇಷ್ಟನ್ನು ಅವರು ಕಲಿತು ಕಲಿಸಬಲ್ಲರು. ಅವರಿಗೆ ತರಬೇತಿ ಕೊಡಲು, ಕಠಿಣ ರೋಗಿಗಳನ್ನು ನೋಡಲು ಜೇವರ್ಗಿ, ಆಳಂದ, ಅಫಜಲಪುರದ ತಾಲ್ಲೂಕು ಆಸ್ಪತ್ರೆಗಳಿಗೆ ಒಬ್ಬೊಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಬೇಕು.