ತುಂಗಭದ್ರೆಯ ನೀರಿನಲ್ಲಿ ಹವಳದ ಮೀನು

ದಾವಣಗೆರೆಗೆ ಸಮುದ್ರ ಬಲು ದೂರ. ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕು. ನಮ್ಮ ತುಂಗಭದ್ರೆ ಕೂಡಾ ಪಡುಗಡಲಿಗೆ ಬೆನ್ನು ಹಾಕಿ, ಹರಿಹರ ದಾಟಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಇಂತಹ ಊರಿನ ಮನೆಯೊಂದರ ಗಾಜಿನ ತೊಟ್ಟಿಯಲ್ಲಿ ಹವಳದ ಮೀನು ಬದುಕಬೇಕಾದರೆ ಮೊದಲು ಕಡಲನ್ನೇ ತಯಾರಿಸಬೇಕು. ಹರಿಹರ ತಾಲೂಕಿನ ರಾಜನಹಳ್ಳಿಯಲ್ಲಿ ಎತ್ತಿದ ಹೊಳೆ ನೀರು ನಗರದ ನಲ್ಲಿಗಳಿಗೆ ಬರುತ್ತದೆ. ಅದನ್ನು ಶೋಧಿಸಿ, ಕ್ಲೋರಿನ್ ತೆಗೆದು, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಬೇಕು. ಅಡುಗೆ ಉಪ್ಪು ನಡೆಯದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವುಗಳಿರುವ ಮಿಶ್ರಣವೇ ಬೇಕು. ಅಲ್ಲಿಗೂ ಮುಗಿಯಲಿಲ್ಲ. ಮೀನಿನ ಮಲದಿಂದ ಹುಟ್ಟುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಒಂದು ತಿಂಗಳಾದರೂ ಕಾಯಬೇಕು. ಕಾಯದವರು ವಾರದೊಳಗೆ ಸತ್ತ ಮೀನನ್ನು ಎತ್ತಿ ಹಾಕಿ ಅಂಗಡಿಯವನನ್ನು ಬೈಯುತ್ತಾರೆ.

ನೀರು ಕೆಟ್ಟರೆ ಮೊದಲು ತಿಳಿಯುವುದು ಮೀನಿಗೆ ಎಂಬುದನ್ನು ಹರಿಹರದವರಿಗೆ ಯಾರೂ ಕಲಿಸಬೇಕಾಗಿಲ್ಲ. 1984ರಲ್ಲಿ ತುಂಗಭದ್ರೆಯಲ್ಲಿ ರಾಶಿ ರಾಶಿ ಮೀನುಗಳು ಸತ್ತು ತೇಲಿದಾಗ, ಹೊಳೆಗೆ ಬಿಡುತ್ತಿದ್ದ ಕಾರ್ಖಾನೆ ತ್ಯಾಜ್ಯದ ವಿರುದ್ಧ ದೊಡ್ಡ ಚಳವಳಿಯೇ ಎದ್ದಿತು.

ಗಾಜಿನೊಳಗೆ ಕಡಲನ್ನು ಕೂಡಿಡುವ ಹವ್ಯಾಸ ಇಂಗ್ಲೆಂಡಿನಲ್ಲಿ ಹಬ್ಬಿದ್ದು 1850ರ ದಶಕದಲ್ಲಿ. ಲಂಡನ್ನಿನ ಮೃಗಾಲಯದ ಮೀನುಮನೆ 1853ರಲ್ಲಿ ತೆರೆಯಿತು. ಅದಕ್ಕೆ ನೆರವಾದ ಫಿಲಿಪ್ ಹೆನ್ರಿ ಗಾಸ್ ಮರುವರ್ಷ ಅಕ್ವೇರಿಯಂ ಕುರಿತು ಪುಸ್ತಕ ಬರೆದರು. ಗಾಸ್ ಧರ್ಮನಿಷ್ಠ ಮನುಷ್ಯ. ಸೃಷ್ಟಿಯ ಸೊಬಗನ್ನು ಜನ ಕಾಣಲೆಂದು ಬರೆದರು. ಜನ ಕಂಡರು, ಆದರೆ ಬುಟ್ಟಿ ಹಿಡಿದು ಕಡಲ ದಂಡೆಗೆ ನುಗ್ಗಿದರು. ತಂದೆಯೊಂದಿಗೆ ತಾನು ಬಾಲ್ಯದಲ್ಲಿ ನೋಡಿದ್ದ ಬಂಡೆಯ ಹೊಂಡಗಳು ಹೇಗೆ ಬರಿದಾದವೆಂದು ಮಗ ಎಡ್ಮಂಡ್ 1907ರ ತನ್ನ ಆತ್ಮಕಥನದಲ್ಲಿ ನೋವಿನಿಂದ ಬರೆದಿದ್ದಾರೆ. ಪ್ರೀತಿಯಿಂದಲೂ ಲೂಟಿ ನಡೆಯುತ್ತದೆ!

ಆ ಕಥೆ ಇನ್ನೂ ಮುಗಿದಿಲ್ಲ. ಅಂಗಡಿಯಲ್ಲಿ ಸಿಗುವ ಸಿಹಿನೀರಿನ ಬಣ್ಣದ ಮೀನುಗಳು ಬಹುಪಾಲು ಕೊಳಗಳಲ್ಲಿ ಸಾಕಿದಂಥವು. ಕಡಲಿನವು ಹೆಚ್ಚಾಗಿ ಇಂದಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತಂದಂಥವು. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಿಂದ ಸಯನೈಡ್ ಚಿಮ್ಮಿಸಿ, ಮೀನನ್ನು ಮಂಪರುಗೊಳಿಸಿ ಹಿಡಿಯುವ ಪದ್ಧತಿ ಬೆಳೆಯಿತು. ಮೀನಿನ ಜೊತೆಗೆ ಹವಳವೂ ಸಾಯುತ್ತದೆ.

ಹವಳದ ದಿಬ್ಬ ಎಂದರೆ ಎಲ್ಲೋ ಪರದೇಶದ ಮಾತೆಂದು ತಿಳಿಯಬೇಕಿಲ್ಲ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ಒಂದು ಕಾಲದಲ್ಲಿ ನಮ್ಮ ಜಿಲ್ಲೆಯೊಂದಕ್ಕೇ ಸೇರಿದ್ದವು. 18ನೇ ಶತಮಾನದ ಕೊನೆಯಲ್ಲಿ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಅಮಿನಿಯ ಜನ ಟಿಪ್ಪು ಸುಲ್ತಾನರ ಮೊರೆ ಹೋದರು. ಆ ದ್ವೀಪಗಳು ಮೈಸೂರಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿಯ ಪಾಲಾಗಿ, ಮಂಗಳೂರಿನಿಂದ ಆಳಲ್ಪಟ್ಟು, 1956ರ ತನಕ ದಕ್ಷಿಣ ಕನ್ನಡದಲ್ಲೇ ಉಳಿದವು. ಓಡಗಳಲ್ಲಿ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು, ಅಕ್ಕಿ ದ್ವೀಪಕ್ಕೆ ಹೋಗುತ್ತಿತ್ತು. ಬಣ್ಣದ ಮೀನಿಗೆ ಆಗ ಯಾರೂ ಬೆಲೆ ಕಟ್ಟಿರಲಿಲ್ಲ.

ಈ ದ್ವೀಪಗಳು ನಿಂತಿರುವುದೇ ಹವಳದ ಮೇಲೆ. 1998, 2010, 2016 ಮತ್ತು 2024ರಲ್ಲಿ ಕಡಲು ಬಿಸಿಯೇರಿ ಹವಳ ಬಿಳಿಚಿಕೊಂಡಿತು. ದಿಬ್ಬ ಕಟ್ಟುವ ಹವಳಕ್ಕೆ 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಹಾಗಾಗಿ ತೊಟ್ಟಿಯ ಅಂದಕ್ಕೆಂದು ಭಾರತದ ಕಡಲಿನ ಜೀವಂತ ಹವಳ ಕೊಡುತ್ತೇನೆನ್ನುವವನು ಅಪರಾಧವನ್ನೇ ಮಾರುತ್ತಿದ್ದಾನೆ.

ಮೀನಿನ ಮಟ್ಟಿಗೆ ಬೇರೆ ದಾರಿ ತೆರೆದಿದೆ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನನ್ನು, ಮಕ್ಕಳ ಬಾಯಲ್ಲಿ ‘ನೀಮೋ’, ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ತೊಟ್ಟಿಯಲ್ಲೇ ಮರಿ ಮಾಡಿಸಿದೆ. ಅಗತ್ತಿ ದ್ವೀಪದಲ್ಲಿ ರಾಷ್ಟ್ರೀಯ ಮೀನು ತಳಿ ಸಂಪನ್ಮೂಲ ಬ್ಯೂರೊ ಅಲ್ಲಿಯ ಮುಸ್ಲಿಂ ಹೆಣ್ಣುಮಕ್ಕಳಿಗೆ ಅಲಂಕಾರಿಕ ಸಿಗಡಿ ಸಾಕುವುದನ್ನು ಕಲಿಸಿತು. ಹಿಂದೆ ನಾರು ಹೊಸೆದು ಮನೆ ನಡೆಸುತ್ತಿದ್ದ ದ್ವೀಪದ ಹೆಂಗಸರು ಈಗ ಬೆರಳುದ್ದವೂ ಇಲ್ಲದ ಸಿಗಡಿಗಳಿಗೆ ಮೇವು ಹಾಕಿ ಸಂಪಾದಿಸಬಲ್ಲರು.

ದಾವಣಗೆರೆಯ ಗಿರಾಕಿ ಅಂಗಡಿಯಲ್ಲಿ ಮೀನಿನ ಬೆಲೆ ಕೇಳುತ್ತಾನೆ. ಇದು ಸಾಕಿದ್ದೋ ಹಿಡಿದದ್ದೋ ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ.