ನಮ್ಮ ಮದುವೆಯ ಕ್ಯಾಮೆರಾ ಯಾರ ಕೈಯಲ್ಲಿ?



ಮದುವೆ ಸೀಸನ್ ಶುರುವಾದ್ರೆ ನನ್ನ ಇನ್‌ಬಾಕ್ಸ್‌ಗೆ ಒಂದು ಪ್ರಶ್ನೆ ಬಂದೇ ಬರುತ್ತೆ. "ಅಣ್ಣಾ, ಒಳ್ಳೆ ಫೋಟೋಗ್ರಾಫರ್ ಇದ್ರೆ ಹೇಳಿ, ರೇಟ್ ಸ್ವಲ್ಪ ಕಡಿಮೆ ಇರ್ಲಿ." ಒಂದು ನಂಬರ್ ಕೊಟ್ಟು ಸುಮ್ಮನಾಗಬಹುದು. ಆದ್ರೆ ನಮಗೂ ಕ್ಯಾಮೆರಾಗೂ ನೂರೈವತ್ತು ವರ್ಷದ ಹಳೇ ಲೆಕ್ಕ ಬಾಕಿ ಇದೆ. ಅದನ್ನು ಓದ್ಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.

ನಮ್ಮಂಥವರನ್ನು ಸಾಲಾಗಿ ಕ್ಯಾಮೆರಾ ಮುಂದೆ ನಿಲ್ಲಿಸಿದ್ದು ಬ್ರಿಟಿಷರು. 1857ರ ದಂಗೆಯಾದ ಮೇಲೆ ಈ ದೇಶದ ಜನರನ್ನು ಗುರುತು ಹಿಡಿದು ಪಟ್ಟಿ ಮಾಡೋ ಆತುರ ಅವರಿಗೆ. 1868ರಿಂದ 1875ರವರೆಗೆ ಲಂಡನ್ನಿನಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟ ಅಚ್ಚಾದವು. ಒಟ್ಟು 468 ಫೋಟೋಗಳು. ಬಹುತೇಕ ಫೋಟೋಗಳ ಕೆಳಗೆ ಇದ್ದದ್ದು ಮನುಷ್ಯನ ಹೆಸರಲ್ಲ, ಜಾತಿ ಇಲ್ಲವೇ ಬುಡಕಟ್ಟಿನ ಹೆಸರು. ಜೊತೆಗೆ ಆ ಜಾತಿಯವರ ‘ಗುಣ’ ಎಂಥದ್ದು ಅನ್ನೋ ಟಿಪ್ಪಣಿ. ಆಮೇಲೆ ಬಂದ ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಜನರ ತಲೆ, ಮೂಗು ಎಲ್ಲಾ ಅಳೆದ. 1909ರಲ್ಲಿ ಬಂದ ಅವನ ಏಳು ಸಂಪುಟಗಳಲ್ಲಿ ಹೊಲೆಯರೂ ಇದ್ದಾರೆ, ಮಾದಿಗರೂ ಇದ್ದಾರೆ. ಆ ಪುಸ್ತಕಗಳಲ್ಲಿ ನಮ್ಮವರು ಮಾದರಿಗಳು, ಅಷ್ಟೇ. ಯಾರ ಮಗ, ಯಾರ ಗಂಡ, ಯಾವ ಕೇರಿ ಅಂತ ಯಾರೂ ಕೇಳಲಿಲ್ಲ.

ಆ ಲಂಡನ್ ಸಂಪುಟಗಳು ಅಚ್ಚಾಗ್ತಿದ್ದ ಕಾಲದಲ್ಲೇ, 1873ರಲ್ಲಿ, ಪುಣೆಯಲ್ಲಿ ಜ್ಯೋತಿಬಾ ಫುಲೆ ಸತ್ಯಶೋಧಕ ಸಮಾಜ ಕಟ್ಟಿದ್ರು. ಪುರೋಹಿತನಿಲ್ಲದ ಮದುವೆ ಮಾಡಿಸಿದ್ರು. ಅಲ್ಲಿ ನಮ್ಮನ್ನು ಜಾತಿಯ ನಮೂನೆ ಮಾಡ್ತಿದ್ರೆ, ಇಲ್ಲಿ ಫುಲೆ ಎರಡು ಜೀವಗಳನ್ನು ಮನುಷ್ಯರಾಗಿ ಎದುರುಬದುರು ನಿಲ್ಲಿಸ್ತಿದ್ರು.

ಈಗ ಬಾಬಾಸಾಹೇಬರ ಮದುವೆಗೆ ಬನ್ನಿ. ರಮಾಬಾಯಿಯವರ ಜೊತೆ ಮದುವೆಯಾದದ್ದು ಮುಂಬೈನ ಬೈಕುಲಾ ಮಾರ್ಕೆಟ್ಟಿನಲ್ಲಿ, ದಿನದ ವ್ಯಾಪಾರ ಮುಗಿದ ಮೇಲೆ, ರಾತ್ರಿ ಹೊತ್ತು. ಒಂದು ಮೂಲೆಯಲ್ಲಿ ಗಂಡಿನ ಕಡೆಯವರು, ಇನ್ನೊಂದು ಮೂಲೆಯಲ್ಲಿ ಹೆಣ್ಣಿನ ಕಡೆಯವರು. ಅಂಗಡಿ ಕಟ್ಟೆಗಳೇ ಬೆಂಚು, ಕೆಳಗೆ ಕೊಳಚೆ ನೀರು. ಆ ರಾತ್ರಿಯ ಒಂದು ಫೋಟೋವನ್ನೂ ನಾನು ಎಲ್ಲೂ ಕಂಡಿಲ್ಲ. ನಾವೆಲ್ಲ ನೋಡಿರೋದು 1934ರ ಫೆಬ್ರವರಿಯಲ್ಲಿ ರಾಜಗೃಹದಲ್ಲಿ ತೆಗೆದ ಕುಟುಂಬದ ಫೋಟೋ. ಮಗ ಯಶವಂತ, ಅತ್ತಿಗೆ, ಅಣ್ಣನ ಮಗ, ಸಾಕಿದ ನಾಯಿ, ನಡುವೆ ಮಾತೆ ರಮಾಬಾಯಿ. 1935ರ ಮೇ 27ಕ್ಕೆ ಆಕೆ ತೀರಿಕೊಂಡ್ರು. ಆ ಒಂದು ಫೋಟೋ ಇರದೇ ಇದ್ದಿದ್ರೆ ಆ ಸಂಸಾರದ ಮುಖ ನಮ್ಮ ಎಷ್ಟು ಮನೆಗಳ ಗೋಡೆಗೆ ಬರ್ತಿತ್ತು ಹೇಳಿ. ಮುಂದೆ 1948ರ ಏಪ್ರಿಲ್ 15ರಂದು ದೆಹಲಿಯಲ್ಲಿ ಸವಿತಾ ಅವರ ಜೊತೆ ಕಾನೂನು ಪ್ರಕಾರ ಮದುವೆಯಾದಾಗ ಫೋಟೋ ಇತ್ತು. ನಿಮ್ಮ ಮನೆಯಲ್ಲೂ ಹುಡುಕಿ ನೋಡಿ, ಅಜ್ಜ ಅಜ್ಜಿಯ ಮದುವೆಯ ಒಂದು ಫೋಟೋ ಆದ್ರೂ ಇದ್ಯಾ?

ಇನ್ನು ಬಣ್ಣದ ಕಥೆ. ಕಲರ್ ಫಿಲ್ಮ್ ಬಂದಾಗ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಒಂದು ಅಳತೆಯ ಚಿತ್ರ ಕಳಿಸ್ತಿತ್ತು, ‘ಶರ್ಲಿ ಕಾರ್ಡ್’ ಅಂತ. ಅದರಲ್ಲಿ ಇದ್ದದ್ದು ಒಬ್ಬ ಬಿಳಿ ಹೆಂಗಸು. ಅವಳ ಚರ್ಮ ಸರಿಯಾಗಿ ಬಂದ್ರೆ ಪ್ರಿಂಟ್ ಸರಿ ಅಂತ ಲೆಕ್ಕ. ಕಪ್ಪು ಜನರ ಮುಖ ಕತ್ತಲಾಗಿ, ಹಲ್ಲು ಕಣ್ಣು ಮಾತ್ರ ಕಂಡ್ರೂ ಅವರಿಗೆ ಚಿಂತೆಯಿಲ್ಲ. ಚಾಕೊಲೇಟ್ ಕಂಪನಿಯವರು, ಮರದ ಪೀಠೋಪಕರಣ ಮಾಡೋರು ನಮ್ಮ ಸರಕಿನ ಕಂದುಬಣ್ಣ ಸರಿಯಾಗಿ ಬರ್ತಿಲ್ಲ ಅಂತ ತಕರಾರು ತೆಗೆದ ಮೇಲೆ ಕಂಪನಿ ಫಿಲ್ಮನ್ನು ತಿದ್ದಿತು! ಇವತ್ತು ಫಿಲ್ಮ್ ಹೋಗಿದೆ, ಆ ಬುದ್ಧಿ ಹೋಗಿಲ್ಲ. ಆಲ್ಬಮ್ ಬಂದಾಗ ಮದುಮಗಳನ್ನು ಅವಳ ತಾಯಿಗೇ ಗುರುತು ಸಿಗದ ಹಾಗೆ ಬೆಳ್ಳಗೆ ಮಾಡಿರ್ತಾರೆ. "ಫೇರ್ ಮಾಡಿದೀವಿ ಸರ್, ಅದಕ್ಕೆ ಎಕ್ಸ್‌ಟ್ರಾ ಇಲ್ಲ" ಅಂತಾರೆ.

ಇನ್ನೊಂದು ಮಾತು. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದಲ್ಲಿ ಮಾಡಿ ದಾರಿ ತೋರಿಸಿದ್ರು. ನಮ್ಮಲ್ಲೂ ಎಷ್ಟೋ ಜನ ಬುದ್ಧವಂದನೆ ಹೇಳಿ, ಸಂವಿಧಾನದ ಪೀಠಿಕೆ ಓದಿ ಮದುವೆ ಆಗ್ತಿದೀವಿ. ಆದ್ರೆ ಐನೋರನ್ನು ಹೊರಗೆ ಕಳಿಸಿದ ಜಾಗಕ್ಕೆ ಈಗ ಫೋಟೋಗ್ರಾಫರ್ ಬಂದು ಕೂತಿದಾನೆ. "ಮೇಡಂ ತಲೆ ಬಗ್ಗಿಸಿ", "ಕಾಲಿಗೆ ಬೀಳೋದು ಇನ್ನೊಂದ್ಸಲ", "ಆ ಫೋಟೋ ಸ್ವಲ್ಪ ಪಕ್ಕಕ್ಕೆ ಇಡಿ, ಫ್ರೇಮಿಗೆ ಅಡ್ಡ ಬರುತ್ತೆ". ಅಡ್ಡ ಬರೋದು ಬಾಬಾಸಾಹೇಬರ ಫೋಟೋ!

ಕ್ಯಾಮೆರಾ ಬೇಡ ಅಂತ ನಾನು ಹೇಳ್ತಿಲ್ಲ. 2018ರ ಜುಲೈನಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯ ನಿಜಾಂಪುರದಲ್ಲಿ ಒಬ್ಬ ದಲಿತ ಮದುಮಗ ಊರೊಳಗೆ ದಿಬ್ಬಣ ತರೋಕೆ ಹೈಕೋರ್ಟ್ ತನಕ ಹೋಗಬೇಕಾಯ್ತು. ಕೊನೆಗೆ ಪೊಲೀಸ್ ಕಾವಲಿನಲ್ಲಿ ದಿಬ್ಬಣ ನಡೀತು. ಅವತ್ತಿನ ಫೋಟೋಗಳನ್ನು ದೇಶವೇ ನೋಡ್ತು. ಕುದುರೆ ಏರಿದ್ದಕ್ಕೆ ಕಲ್ಲು ಬೀಳೋ ದೇಶದಲ್ಲಿ ಮದುವೆ ಫೋಟೋ ಅಂದ್ರೆ ಸಾಕ್ಷಿ.

ಆದ್ದರಿಂದ ಅಡ್ವಾನ್ಸ್ ಕೊಡೋ ಮುಂಚೆ ಇಷ್ಟು ಕೇಳಿ. ನಮ್ಮ ಬಣ್ಣ ಇದ್ದ ಹಾಗೇ ಇಡ್ತೀಯಾ? ಹಿಂದಿನ ಮದುವೆಗಳಲ್ಲಿ ಕಪ್ಪು ಮುಖಗಳನ್ನು ಹೇಗೆ ತೆಗೆದಿದೀಯ, ತೋರಿಸು. ನಮ್ಮ ಕೇರಿಗೆ ಬಂದು ನಮ್ಮ ಪಂಕ್ತಿಯಲ್ಲಿ ಕೂತು ಉಣ್ತೀಯಾ? ತಮಟೆ ಬಡಿಯೋರು, ಅಡುಗೆ ಮಾಡೋರು, ಮೂಲೆಯಲ್ಲಿ ಕೂತ ಅಜ್ಜಿ ಆಲ್ಬಮ್ಮಿನಲ್ಲಿ ಇರ್ತಾರಾ? ಮೊದಲ ಪುಟಕ್ಕೆ ನಾವು ಹೇಳಿದ ಫೋಟೋ ಬರುತ್ತಾ? ತಿದ್ದದ ಎಲ್ಲಾ ಫೈಲು ನಮಗೆ ಕೊಡ್ತೀಯಾ? ಕ್ಯಾಮೆರಾ ಕಲಿತ ನಮ್ಮ ಹುಡುಗ ಹುಡುಗೀರು ಇದ್ರೆ ಅವರನ್ನೇ ಕರೀರಿ, ಆದ್ರೆ "ನಮ್ಮವನೇ ಅಲ್ವಾ" ಅಂತ ದುಡ್ಡು ಮುರೀಬೇಡಿ. ಸಾಲ ಮಾಡಿ ಡ್ರೋನ್ ಹಾರಿಸೋದೂ ಬೇಡ.

ಕೊನೆಗೆ ಒಂದು ಕೆಲಸ, ಇದಕ್ಕೆ ಕಾಸು ಖರ್ಚಿಲ್ಲ. ಪ್ರಿಂಟ್ ಬಂದ ಮೇಲೆ ಒಂದೊಂದು ಫೋಟೋದ ಹಿಂದೆಯೂ ಅದರಲ್ಲಿರೋ ಎಲ್ಲರ ಹೆಸರು, ಊರು, ತಾರೀಕು ಬರೆದಿಡಿ. ಆ ಎಂಟು ಸಂಪುಟದವರು ನಮ್ಮ ಜಾತಿ ಬರೆದು ಹೆಸರು ಬಿಟ್ಟರು. ನಿಮ್ಮ ಮೊಮ್ಮಕ್ಕಳಿಗೆ ಹೆಸರು ಸಿಗಲಿ.